ತರ್ಹೀಲ್ (ಸೌದಿಯ ಗಡೀಪಾರು ಕೇಂದ್ರ) ನೋಡಿ ಊರಿಗೆ ಬಂದ ಮಕ್ಕಳು: ಅನುಭವ ಇದ್ದವರು ಹೇಳಿ

ಗಂಗಾವತಿ ತಮ್ಮ: ಭಾವ ಜೆದ್ದಾದಲ್ಲಿದ್ದರು. ಕಫೀಲ್, ಅಂದರೆ ವೀಸಾ ಕೊಟ್ಟ ಮಾಲೀಕ, ಹುರೂಬ್ ಹಾಕಿದ, ಕೆಲಸ ಬಿಟ್ಟು ಓಡಿಹೋದ ಅಂತ ದೂರು. ಈಗ ತರ್ಹೀಲ್‌ನಲ್ಲಿ ಕೂಡಿಹಾಕಿದ್ದಾರೆ, ಗಡೀಪಾರು ಗ್ಯಾರಂಟಿ. ಅಕ್ಕ, ಮಕ್ಕಳು ಔಟ್‌ಪಾಸ್ (ಪಾಸ್‌ಪೋರ್ಟ್ ಬದಲು ಎಂಬೆಸಿ ಕೊಡುವ ಪತ್ರ) ಮೇಲೆ ಬರುತ್ತಿದ್ದಾರೆ. ಹುಡುಗನಿಗೆ 15, ಹುಡುಗಿಗೆ 8. ಟಿಸಿ ಇಲ್ಲ, ಕನ್ನಡ ಓದಲು ಬರಲ್ಲ. ಹುಡುಗ ಮಾತೇ ಬಿಟ್ಟಿದ್ದಾನಂತೆ. ಏನು ಮಾಡೋದು?

ಕೌಲ್‌ಬಜಾರ್ ಭಾಯಿ: ನಾನು 2018ರಲ್ಲೇ ಮನೆಯವರನ್ನ ಬಳ್ಳಾರಿಗೆ ಕಳಿಸಿಬಿಟ್ಟೆ. 2017ರ ಜುಲೈನಿಂದ ಸೌದಿ ಸರ್ಕಾರದ ಫ್ಯಾಮಿಲಿ ಫೀಸು ಶುರುವಾಯಿತಲ್ಲ, ತಲೆಗೆ ತಿಂಗಳಿಗೆ 100 ರಿಯಾಲ್. ಮುಂದಿನ ವರ್ಷ 200, ಆಮೇಲೆ 300, 2020ಕ್ಕೆ 400. ನಮ್ಮದು ನಾಲ್ಕು ತಲೆ. 400ರ ಲೆಕ್ಕ ಹಾಕಿ, ವರ್ಷಕ್ಕೆ 19,200. ನನ್ನ ಸಂಬಳ ತಿಂಗಳಿಗೆ 3,800. ಫೀಸು ಕಟ್ಟದಿದ್ದರೆ ಇಕಾಮಾ (ಅಲ್ಲಿ ಇರೋಕೆ ಬೇಕಾದ ಪರವಾನಗಿ) ರಿನ್ಯೂ ಆಗಲ್ಲ. ಇಕಾಮಾ ಇಲ್ಲ ಅಂದರೆ ಮಕ್ಕಳಿಗೆ ಸ್ಕೂಲಿಗೂ ಕಷ್ಟ, ಆಸ್ಪತ್ರೆಗೂ ಕಷ್ಟ. ಫ್ರಿಜ್ಜು, ವಾಷಿಂಗ್ ಮಷಿನ್ನು, ಎರಡು ಎಸಿ, ಎಲ್ಲಾ ಸೇರಿ 900 ರಿಯಾಲ್‌ಗೆ ಹೋಯಿತು. ಬರೀ ಒಂದು ಎಸಿಯೇ 1,100 ಕೊಟ್ಟು ತಂದಿದ್ದೆ! ಆಗ ನೆಂಟರೆಲ್ಲ ನಕ್ಕರು. ಈಗ ನಗಲಿ ನೋಡೋಣ.

ಸಿಂಧನೂರಿನ ಅಕ್ಕ: ಭಾಯಿ, ಮಾರೋಕೆ ನಿಮ್ಮ ಹತ್ತಿರ ಎರಡು ಎಸಿ ಇತ್ತು. ನಮ್ಮವರಿಗೆ ಸಂಬಳವೇ ಬಂದಿರಲಿಲ್ಲ. 2017ರಲ್ಲಿ ಸೌದಿ ಕೊಟ್ಟ ಮಾಫಿಯಲ್ಲಿ ಬಂದವರಿಗೆ ಬೆರಳಚ್ಚು ತಗೊಂಡು ಮತ್ತೆ ಅಲ್ಲಿಗೆ ಹೋಗದಂತೆ ಹಾಕುವ ಬ್ಯಾನ್ ಇರಲಿಲ್ಲ. ನಾವು ಅದಾದ ಮೇಲೆ ಸಿಕ್ಕಿಬಿದ್ದವರು. ಒಳಗೆ ಗಂಡಸರು ಒಂದು ಕಡೆ, ಹೆಂಗಸರು ಮಕ್ಕಳು ಒಂದು ಕಡೆ. ಮಗನಿಗೆ ಐದು ವರ್ಷ. ಊರಿಗೆ ಬಂದ ಮೇಲೂ ಶೂ ಹಾಕಿಕೊಂಡೇ ಮಲಗುತ್ತಿದ್ದ. ಬಿಚ್ಚಿದರೆ ಅಳು. ಹಾಸಿಗೆ ದಿನಾ ಒದ್ದೆ. ಬಸ್‌ಸ್ಟ್ಯಾಂಡಿನಲ್ಲಿ ಪೊಲೀಸ್ ಜೀಪ್ ಕಂಡರೆ ಕಬ್ಬಿನ ಹಾಲಿನ ಗಾಡಿ ಹಿಂದೆ ಓಡುತ್ತಿದ್ದ. ಶಾಲೆಯವರು ಬರ್ತ್ ಸರ್ಟಿಫಿಕೇಟ್ ಅರಬ್ಬಿಯಲ್ಲಿದೆ ಅಂತ ವಾಪಸ್ ಕಳಿಸಿದರು. ಅನುವಾದಕ್ಕೆ 1,500, ನೋಟರಿಗೆ 300, ರಾಯಚೂರಿಗೆ ಓಡಾಡಿದ ಬಸ್ ಚಾರ್ಜು ಬೇರೆ. ಎಲ್ಲಾ ಸುಮ್ನೆ ದಂಡ. ಆರ್‌ಟಿಇ (ಶಿಕ್ಷಣ ಹಕ್ಕು ಕಾಯ್ದೆ) 14ನೇ ಕಲಂ ಪ್ರಕಾರ ವಯಸ್ಸಿನ ದಾಖಲೆ ಇಲ್ಲ ಅಂತ ಮಗುವನ್ನ ವಾಪಸ್ ಕಳಿಸುವ ಹಾಗೇ ಇಲ್ಲವಂತೆ.

ರಾಯಚೂರು ಮೇಷ್ಟ್ರು: ಆರ್‌ಟಿಇ 6ರಿಂದ 14 ವರ್ಷದವರಿಗಷ್ಟೇ, ಅಕ್ಕಾವ್ರೇ. ಹುಡುಗಿಗೆ ನಡೆಯುತ್ತದೆ, ಹುಡುಗನಿಗೆ ಇಲ್ಲ. ಅವನಿಗೆ ಎನ್‌ಐಒಎಸ್ (ಕೇಂದ್ರದ ಮುಕ್ತ ಶಾಲೆ) ಹತ್ತನೇ ತರಗತಿ ಕಟ್ಟಿಸಿ, 14 ತುಂಬಿದ್ದರೆ ಸಾಕು. ಹುಡುಗಿ ಅಲ್ಲೇ ಹುಟ್ಟಿದ್ದರೆ ಜನನ ಎಂಬೆಸಿಯಲ್ಲಿ ನೋಂದಣಿ ಆಗಿದೆಯಾ ನೋಡಿ. ವರ್ಷದೊಳಗೆ ಮಾಡಿಸಬೇಕಿತ್ತು. ನಮ್ಮ ಶಾಲೆಗೆ ಹೀಗೇ ಬಂದ ಒಬ್ಬ ಹುಡುಗನನ್ನ ವಯಸ್ಸು ನೋಡಿ ಆರನೇ ತರಗತಿಯಲ್ಲಿ ಕೂರಿಸಿದರು. ಕಾಗುಣಿತ ಬರಲ್ಲ. ಎಲ್ಲರೂ ಶೇಖ್ ಅಂತ ರೇಗಿಸೋರು. ನಾನೇ ಸಂಜೆ ಕೂರಿಸಿಕೊಂಡು ಕಲಿಸಿದೆ. ಅವರಪ್ಪ ಒಂದು ಮಾತೂ ಆಡದೆ ಇಂಗ್ಲಿಷ್ ಮೀಡಿಯಂಗೆ ಎತ್ತಿಕೊಂಡು ಹೋದರು!

ಕೌಲ್‌ಬಜಾರ್ ಭಾಯಿ: ಹೋಗದೆ? ಎಂಟು ವರ್ಷ ಇಂಗ್ಲಿಷಿನಲ್ಲಿ ಓದಿದ ಮಕ್ಕಳನ್ನ ಅಆಇಈಗೆ ಕೂರಿಸಬೇಕಾ? ನನ್ನ ಮಗ ಸಿಬಿಎಸ್‌ಇಯಲ್ಲೇ ಓದಿದ.

ರಾಯಚೂರು ಮೇಷ್ಟ್ರು: 2015ರ ಕನ್ನಡ ಕಲಿಕಾ ಕಾಯ್ದೆ ಸಿಬಿಎಸ್‌ಇಗೂ ಇದೆ, ಭಾಯಿ.

ಹೂಸ್ಟನ್ ಹೊಸಪೇಟೆ: ಅಮೆರಿಕದ ಮಕ್ಕಳ ವೈದ್ಯರ ಸಂಘ 2017ರಲ್ಲೇ ಹೇಳಿತ್ತು: ವಲಸೆ ಬಂಧನದಲ್ಲಿ ಇಷ್ಟು ದಿನ ಇಟ್ಟರೆ ಮಕ್ಕಳಿಗೆ ತೊಂದರೆಯಿಲ್ಲ ಅನ್ನೋಕೆ ಯಾವ ಪುರಾವೆಯೂ ಇಲ್ಲ. ಆದರೂ 2018ರಲ್ಲಿ ಗಡಿಯಲ್ಲಿ ಅಪ್ಪ ಅಮ್ಮನಿಂದ ಮಕ್ಕಳನ್ನ ಬೇರೆ ಮಾಡಿದರು. ನಮ್ಮ ಮಗಳಿಗೂ 21 ತುಂಬಿದರೆ ಎಚ್-4 (ಅಪ್ಪ ಅಮ್ಮನ ಕೆಲಸದ ವೀಸಾ ಮೇಲೆ ಸಿಗೋ ವೀಸಾ) ಹೋಗುತ್ತದೆ. ನಿದ್ದೆ ಬರಲ್ಲ.

ಸಿಂಧನೂರಿನ ಅಕ್ಕ: ನಿಮ್ಮ ಮಗಳು ವಿಮಾನದ ಟಿಕೆಟ್ ತಗೊಂಡು ಬರುತ್ತಾಳೆ ಸಾರ್. ನಮ್ಮ ಮಕ್ಕಳನ್ನ ಕಾವಲು ಹಾಕಿ ಹತ್ತಿಸಿದರು. ಎರಡೂ ಒಂದೇನಾ?

ಹೂಸ್ಟನ್ ಹೊಸಪೇಟೆ: ನೋವಿಗೂ ಪೈಪೋಟಿನಾ ಅಕ್ಕ?

ಗಂಗಾವತಿ ತಮ್ಮ: ಹುಡುಗ ಮಾತು ಬಿಟ್ಟಿದ್ದಾನೆ ಅಂದಿದ್ದೆ. ಅದಕ್ಕೆ ಯಾರೂ ಏನೂ ಹೇಳಲಿಲ್ಲ.

ಸಿಂಧನೂರಿನ ಅಕ್ಕ: ತಮ್ಮಾ, 14416ಗೆ ಫೋನ್ ಮಾಡು, ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಜೈಲು ಹೇಗಿತ್ತು ಅಂತ ಕೇಳೋ ನೆಂಟರನ್ನ ಬಾಗಿಲಲ್ಲೇ ತಡಿ. ನಮ್ಮ ಮನೆಗೆ ಬಂದವರೆಲ್ಲ ಅದನ್ನೇ ಕೇಳಿದರು.

ಕೌಲ್‌ಬಜಾರ್ ಭಾಯಿ: 371ಜೆ (ಕಲ್ಯಾಣ ಕರ್ನಾಟಕದವರ ಮೀಸಲಾತಿ) ಸರ್ಟಿಫಿಕೇಟ್‌ಗೂ ಈಗಲೇ ಅರ್ಜಿ ಹಾಕಿ. ನನ್ನ ಮಗನಿಗೆ ನನ್ನ ಹಳೇ ಶಾಲಾ ದಾಖಲೆ ಮೇಲೆ ಸಿಕ್ಕಿತು. ಮೇಷ್ಟ್ರೇ, ಇದರಲ್ಲೂ ತಪ್ಪಿದೆಯಾ?

ರಾಯಚೂರು ಮೇಷ್ಟ್ರು: ಇಲ್ಲ. ಆದರೆ ಅಸಿಸ್ಟೆಂಟ್ ಕಮಿಷನರ್ ಕಚೇರಿಯಲ್ಲಿ ಅದೇ ದಿನ ಕೈಗೆ ಬಂತು ಅಂತ ಮಾತ್ರ ಹೇಳಬೇಡಿ.