ಮೂವತ್ತು ವರ್ಷದ ಹೀಟಿಂಗ್ ಆಯಿಲ್ ಟ್ಯಾಂಕ್ ತಳದಲ್ಲಿ ಜಿನುಗು: ತೇಪೆಯಾ, ಹೊಸ ಟ್ಯಾಂಕಾ?

ಚಳಿಯೂರ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಮನೆ ಬೆಚ್ಚಗಿಡೋ ಬಾಯ್ಲರ್‌ಗೆ ಎಣ್ಣೆ ಕೊಡೋ ಟ್ಯಾಂಕ್ ಬೇಸ್‌ಮೆಂಟಿನಲ್ಲಿದೆ. ಉಕ್ಕಿನದು, ಒಂಟಿ ಗೋಡೆ, 275 ಗ್ಯಾಲನ್, ಅಂದ್ರೆ ಸುಮಾರು 1040 ಲೀಟರ್. ನಾಲ್ಕು ಕಾಲಿನ ಮೇಲೆ ನಿಂತಿದೆ, ವಯಸ್ಸು ಮೂವತ್ತು ದಾಟಿದೆ. ಅಡಿಭಾಗದಲ್ಲಿ ಒಂದು ಕಡೆ ಬಣ್ಣ ಗುಳ್ಳೆ ಎದ್ದಿದೆ, ಬೆರಳಾಡಿಸಿದ್ರೆ ಎಣ್ಣೆ ಅಂಟುತ್ತೆ. ನೆಲಕ್ಕೆ ಇನ್ನೂ ಹನಿ ಬಿದ್ದಿಲ್ಲ. ಗೇಜ್ ಅರ್ಧ ತೋರಿಸ್ತಿದೆ.

ಎಪಾಕ್ಸಿ ತೇಪೆ ಹಾಕಿ ಈ ಚಳಿಗಾಲ ದೂಡಬಹುದಾ? ಬದಲಾಯಿಸೋದಾದ್ರೆ ಅದೇ ಜಾಗದಲ್ಲಾ, ಮನೆ ಹೊರಗಾ? ಬರ್ನರ್‌ಗೆ (ಬಾಯ್ಲರ್‌ನಲ್ಲಿ ಎಣ್ಣೆ ಉರಿಸೋ ಭಾಗ) ಹೋಗೋ ತಾಮ್ರದ ಪೈಪ್ ಕಾಂಕ್ರೀಟ್ ನೆಲದೊಳಗೆ ಹೂತಿದೆ, ಅದನ್ನ ಹಾಗೇ ಉಳಿಸಿಕೊಳ್ಳಬಹುದಾ? ಒಳಗಿರೋ ಎಣ್ಣೆಯನ್ನ ಏನು ಮಾಡೋದು?

ನಾಜಲ್‌ನಂಜ

ಬದಲಾಯಿಸಿ. ಇದರಲ್ಲಿ ಎರಡನೇ ಮಾತಿಲ್ಲ.

ಈ ಟ್ಯಾಂಕುಗಳು ಹೊರಗಿನಿಂದ ಕೊಳೆಯೋದು ಕಮ್ಮಿ, ಒಳಗಿನಿಂದ ಕೊಳೆಯೋದೇ ಹೆಚ್ಚು. ಖಾಲಿ ಭಾಗದ ಗಾಳಿಯಲ್ಲಿರೋ ತೇವ ತಣ್ಣಗಿನ ಗೋಡೆಗೆ ತಾಗಿ ನೀರಾಗಿ ಇಳಿಯುತ್ತೆ. ಎಣ್ಣೆ ನೀರಿಗಿಂತ ಹಗುರ, ಹಾಗಾಗಿ ನೀರು ತಳ ಸೇರಿ ಅಲ್ಲೇ ಕೂರುತ್ತೆ. ಎಣ್ಣೆ–ನೀರು ಕೂಡೋ ಗೆರೆಯಲ್ಲಿ ಬ್ಯಾಕ್ಟೀರಿಯಾ ಬೆಳೆದು ಆಮ್ಲ ಬಿಡುತ್ತೆ, ಅದರ ಮೇಲೆ ಕೆಸರು ಕಟ್ಟುತ್ತೆ. ತುಕ್ಕು ಇಡೀ ತಗಡನ್ನ ಸಮನಾಗಿ ತಿನ್ನೋದಿಲ್ಲ, ಚುಕ್ಕಿ ಚುಕ್ಕಿಯಾಗಿ ಕೊರೆಯುತ್ತೆ. ತಗಡು ಹೊಸದಿದ್ದಾಗಲೇ ಎರಡೂವರೆ ಮಿಲಿಮೀಟರ್ ಚಿಲ್ಲರೆ ದಪ್ಪ. ನಿಮಗೆ ಒಂದು ಗುಳ್ಳೆ ಕಂಡಿದೆ ಅಂದ್ರೆ ಅದೇ ಮಟ್ಟದಲ್ಲಿ ಇನ್ನೂ ಹಲವು ಚುಕ್ಕಿ ಒಳಗಿಂದ ಬರ್ತಾ ಇವೆ ಅಂತಲೇ ಲೆಕ್ಕ. ತೇಪೆ ಮುಚ್ಚೋದು ಒಂದನ್ನ ಮಾತ್ರ.

ಈಗ ಮಾಡಬೇಕಾದ್ದು:

ಗುಳ್ಳೆಯನ್ನ ಕೆರೆಯಬೇಡಿ, ಸ್ಕ್ರೂಡ್ರೈವರ್‌ನಿಂದ ಒತ್ತಿ ನೋಡಬೇಡಿ. ಎಷ್ಟೋ ಸಲ ತೂತನ್ನ ಹಿಡಿದಿಟ್ಟಿರೋದು ಆ ತುಕ್ಕೇ. ವೆಲ್ಡಿಂಗ್ ಮಾತು ಯಾರಾದ್ರೂ ಎತ್ತಿದ್ರೆ ಅವರನ್ನ ಬಾಗಿಲ ಹೊರಗೇ ನಿಲ್ಲಿಸಿ. ಕೆಳಗೆ ಅಗಲವಾದ ಟ್ರೇ, ಅದರಲ್ಲಿ ಎಣ್ಣೆ ಹೀರೋ ಪ್ಯಾಡ್ ಇಡಿ. ಹನಿ ಶುರುವಾದ್ರೆ ಅಯಸ್ಕಾಂತದ ತೇಪೆ ಅಥವಾ ಎಣ್ಣೆ ಮೇಲೆ ಹಿಡಿಯೋ ಎಪಾಕ್ಸಿ ಪುಟ್ಟಿ ಒತ್ತಿ. ಅದು ಟ್ಯಾಂಕ್ ಖಾಲಿ ಮಾಡೋ ತನಕ ಸಾಕು, ಚಳಿಗಾಲ ಪೂರ್ತಿಗಲ್ಲ. ಇನ್ನು ಎಣ್ಣೆ ತರಿಸಬೇಡಿ. ಆಟೋಮ್ಯಾಟಿಕ್ ಡೆಲಿವರಿ ಇದ್ದರೆ ಇವತ್ತೇ ಫೋನ್ ಮಾಡಿ ನಿಲ್ಲಿಸಿ. ತುಂಬಿಸುವಾಗ ಬೀಳೋ ತೂಕ ಮತ್ತು ಒತ್ತಡದಲ್ಲೇ ಇಂಥ ತಳ ಬಿಟ್ಟುಕೊಳ್ಳೋದು.

ಅರ್ಧ ಅಂದ್ರೂ 500 ಲೀಟರ್ ಮೇಲಿದೆ. ಅಷ್ಟು ನೆಲಕ್ಕೆ ಹರಿದ್ರೆ ಟ್ಯಾಂಕಿನ ಖರ್ಚು ಲೆಕ್ಕಕ್ಕೇ ಬರಲ್ಲ, ಮಣ್ಣು ಅಗೆದು ಸಾಗಿಸೋದೇ ದೊಡ್ಡ ಖರ್ಚು. ಮನೆ ವಿಮೆಯಲ್ಲಿ ಎಣ್ಣೆ ಸೋರಿಕೆ ಸೇರಿದೆಯಾ ಓದಿ ನೋಡಿ. ಬಹಳ ಪಾಲಿಸಿಗಳಲ್ಲಿ ಪ್ರತ್ಯೇಕವಾಗಿ ಸೇರಿಸಿದ್ರೆ ಮಾತ್ರ ಇರುತ್ತೆ.

ಹಿತ್ತಲಮನೆ

ಹೊರಗೆ ಹಾಕೋದೇ ವಾಸಿ ಅನ್ಸುತ್ತೆ ಸರ್. ಎರಡು ಗೋಡೆಯ ಪ್ಲಾಸ್ಟಿಕ್ ಟ್ಯಾಂಕ್, ಕಾಂಕ್ರೀಟ್ ಕಟ್ಟೆ, ಮನೆಯೊಳಗೆ ವಾಸನೆ ಇಲ್ಲ, ಜಾಗವೂ ಉಳಿಯುತ್ತೆ. ಬ್ರಿಟನ್ನಿನಲ್ಲಿ ಬಹುಪಾಲು ಮನೆಗಳದ್ದು ಹೊರಗೇ ಇರುತ್ತೆ. ಕಟ್ಟೆ ಟ್ಯಾಂಕಿಗಿಂತ ಎಲ್ಲ ಕಡೆ 300 ಮಿ.ಮೀ. ಆಚೆ ಚಾಚಿರಬೇಕು, ಕಿಟಕಿ-ಬಾಗಿಲಿಗೆ 1.8 ಮೀಟರ್ ದೂರ, ಬೇಲಿಗೆ 760 ಮಿ.ಮೀ. ಅನ್ನೋದು ಅಲ್ಲಿಯ ಲೆಕ್ಕ. ಹೊರಗಿನ ತೊಟ್ಟಿ ಒಳಗಿನದರ ಶೇಕಡಾ 110ರಷ್ಟು ಹಿಡಿಯಬೇಕು.

ನಾಜಲ್‌ನಂಜ

@ಹಿತ್ತಲಮನೆ, ಅಲ್ಲಿ ಉರಿಸೋದು ಹೆಚ್ಚಾಗಿ ಸೀಮೆಎಣ್ಣೆ ಜಾತಿಯದ್ದು, ಅದು ಚಳಿಗೆ ಗಟ್ಟಿಯಾಗಲ್ಲ. ಪ್ರಶ್ನೆ ಕೇಳಿದವರದ್ದು ಡೀಸೆಲ್ ಜಾತಿಯ ನಂಬರ್ 2 ಎಣ್ಣೆ ಆಗಿದ್ರೆ ಸುಮಾರು ಮೈನಸ್ 9 ಡಿಗ್ರಿ ಆಸುಪಾಸಿನಲ್ಲಿ ಮೇಣದ ಕಣ ಏಳುತ್ತೆ. ಮೊದಲು ಕಟ್ಟಿಕೊಳ್ಳೋದು ಫಿಲ್ಟರ್, ಆಮೇಲೆ ತೆಳ್ಳನೆ ಪೈಪು. ಬೇಸ್‌ಮೆಂಟ್ ಒಣಗಿದ್ದು ಪ್ರವಾಹದ ಭಯ ಇಲ್ಲದಿದ್ರೆ ಒಳಗೇ ಇಡೋದು ನನ್ನ ಸಲಹೆ. ಹೊರಗೇ ಹಾಕಲೇಬೇಕು ಅಂದ್ರೆ ಚಳಿಗಾಲಕ್ಕೆ ಸೀಮೆಎಣ್ಣೆ ಬೆರೆಸಿದ ಎಣ್ಣೆ ತರಿಸಿ, ಫಿಲ್ಟರ್ ಮನೆಯೊಳಗಿರಲಿ, ಪೈಪಿಗೆ ಹೊದಿಕೆ ಹಾಕಿ.

ಪೈಪ್‌ಸಾಲು

ಟ್ಯಾಂಕ್ ಬಗ್ಗೆ ಎಲ್ಲರೂ ಮಾತಾಡ್ತಾರೆ. ಬದಲಾವಣೆ ಕೆಟ್ಟುಹೋಗೋದು ಪೈಪುಗಳಲ್ಲಿ, ಅದಕ್ಕೇ ಉದ್ದ ಬರೀತಿದ್ದೀನಿ.

ಮೊದಲು ಅಳತೆ. ನಿಮ್ಮ ಥರದ 275ರ ಟ್ಯಾಂಕ್ ಸಾಮಾನ್ಯವಾಗಿ 27 ಇಂಚು ಅಗಲ, 44 ಎತ್ತರ, 60 ಉದ್ದ. ಮೆಟ್ಟಿಲು, ಬಾಗಿಲು, ತಿರುವು ಅಳೆದ ಮೇಲೇ ಹೊಸದನ್ನ ಆರಿಸಿ. ಇಕ್ಕಟ್ಟಿದ್ರೆ ಒಳಗೆ ಪ್ಲಾಸ್ಟಿಕ್, ಹೊರಗೆ ತಗಡು ಇರೋ ಎರಡು ಗೋಡೆಯ ಕಿರಿದಾದ ಮಾದರಿ ಸಿಗುತ್ತೆ. ಒಳಗಿನದು ತುಕ್ಕು ಹಿಡಿಯಲ್ಲ, ಸೋರಿದ್ರೂ ಹೊರಗಿನದು ಹಿಡಿಯುತ್ತೆ. ಬೆಲೆ ಜಾಸ್ತಿ, ಆದ್ರೆ ಬೇಸ್‌ಮೆಂಟಿಗೆ ಅದೇ ತಕ್ಕದ್ದು.

ತುಂಬಿದ ಟ್ಯಾಂಕ್ ತೂಕ ಒಂದು ಟನ್ ಹತ್ತಿರ: ಎಣ್ಣೆಯೇ 880 ಕಿಲೋ, ಉಕ್ಕಿನದು ಸುಮಾರು ನೂರು. ಅಷ್ಟೂ ನಾಲ್ಕು ಕಾಲಿನ ಮೇಲೆ. ನೆಲದ ಕಾಂಕ್ರೀಟ್ ಬಿರುಕು ಬಿಟ್ಟಿದ್ರೆ ಕಾಲಡಿ ಹೊಸದಾಗಿ ಹಾಕಿಸಿ. ಒಂದು ಕಾಲು ಕುಸಿದರೂ ಫಿಟ್ಟಿಂಗ್ ಮೇಲೆ ಎಳೆತ ಬೀಳುತ್ತೆ. ತಳದಿಂದ ಎಣ್ಣೆ ಬರೋ ಉಕ್ಕಿನ ಮಾದರಿ ಆದ್ರೆ ಔಟ್‌ಲೆಟ್ ಕಡೆಗೆ ಪ್ರತಿ ಅಡಿ ಉದ್ದಕ್ಕೆ ¼ ಇಂಚಿನಂತೆ ಇಳಿಜಾರು ಕೊಡಿ, ನೀರು ನಿಲ್ಲದೆ ಫಿಲ್ಟರ್‌ಗೆ ಬಂದು ಸೇರುತ್ತೆ. ಅಮೆರಿಕದ ಅಗ್ನಿಸುರಕ್ಷೆ ಮಾನದಂಡ ಎನ್‌ಎಫ್‌ಪಿಎ 31 ಪ್ರಕಾರ ಟ್ಯಾಂಕಿಗೂ ಬೆಂಕಿ ಇರೋ ಉಪಕರಣಕ್ಕೂ 5 ಅಡಿ ಅಂತರ ಇರಬೇಕು. ನಿಮ್ಮೂರಿನ ಪರ್ಮಿಟ್ ನಿಯಮ ಬೇರೆ ಇರಬಹುದು, ಕೇಳಿಕೊಳ್ಳಿ.

ಎಣ್ಣೆ ತುಂಬೋ ಫಿಲ್ ಪೈಪ್ 2 ಇಂಚು, ಗಾಳಿ ಹೊರಹೋಗೋ ವೆಂಟ್ ಒಂದೂಕಾಲು ಇಂಚಿಗೆ ಕಮ್ಮಿ ಬೇಡ. ಲಾರಿಯಿಂದ ಎಣ್ಣೆ ನಿಮಿಷಕ್ಕೆ ಇನ್ನೂರು-ಮುನ್ನೂರು ಲೀಟರಿನಂತೆ ನುಗ್ಗುತ್ತೆ, ಅಷ್ಟೇ ಗಾಳಿ ಅಷ್ಟೇ ಬೇಗ ಹೊರಗೆ ಹೋಗಬೇಕು. ಕಣಜ ಗೂಡು ಕಟ್ಟಿ ವೆಂಟ್ ಮುಚ್ಚಿದ್ರೆ ಟ್ಯಾಂಕ್ ಉಬ್ಬಿ ಹೊಲಿಗೆ ಬಿಡುತ್ತೆ. ಅದಕ್ಕೆ ಬಾಯಿಗೆ ಜಾಲರಿ ಇರೋ ಟೊಪ್ಪಿ ಹಾಕಿ, ಹಿಮ ಮುಚ್ಚದಷ್ಟು ಎತ್ತರದಲ್ಲಿಡಿ. ವೆಂಟ್ ಕೆಳಗೆ ಟ್ಯಾಂಕಿಗೆ ಕೂರೋ ಸೀಟಿ, ಅಂದ್ರೆ ವೆಂಟ್ ಅಲಾರ್ಮ್, ಹಳೇದನ್ನೇ ಮತ್ತೆ ಬಳಸಬೇಡಿ, ಹೊಸದೇ ಬೇಕು. ತುಂಬುವಾಗ ಗಾಳಿ ಅದರ ಮೂಲಕ ಹಾದು ಶಿಳ್ಳೆ ಹೊಡೀತಿರುತ್ತೆ. ಎಣ್ಣೆ ಅದರ ನಾಳದ ತುದಿ ಮುಟ್ಟಿದಾಗ ಶಿಳ್ಳೆ ನಿಲ್ಲುತ್ತೆ, ಡ್ರೈವರ್ ಪಂಪ್ ಬಂದ್ ಮಾಡ್ತಾನೆ. ಶಿಳ್ಳೆಯೇ ಕೇಳದಿದ್ರೆ ತಿಳಿದ ಡ್ರೈವರ್ ತುಂಬಿಸೋದೇ ಇಲ್ಲ.

ಇನ್ನು ಎಲ್ಲಕ್ಕಿಂತ ಮುಖ್ಯವಾದ್ದು. ಹೊಸ ಟ್ಯಾಂಕ್ ಬೇರೆ ಜಾಗಕ್ಕೆ ಹೋದ್ರೆ ಹೊರಗೋಡೆಯ ಹಳೇ ಫಿಲ್ ಪೈಪನ್ನ ಕಿತ್ತು ಹಾಕಿ, ತೂತನ್ನ ಸಿಮೆಂಟಿನಿಂದ ಮುಚ್ಚಿ. ಮುಚ್ಚಳ ಬಿಗಿ ಮಾಡಿದ್ರೆ ಸಾಲದು. ಹಳೇ ವಿಳಾಸ ಹಿಡಿದು ಬಂದ ಡ್ರೈವರ್‌ಗೆ ಆ ಮುಚ್ಚಳ ಕಂಡರೆ ಹೋಸ್ ಸಿಕ್ಕಿಸ್ತಾನೆ, ಟ್ಯಾಂಕೇ ಇಲ್ಲದ ಬೇಸ್‌ಮೆಂಟಿಗೆ ನೂರಾರು ಲೀಟರ್ ಸುರಿಯುತ್ತೆ. ಎಣ್ಣೆ ಹೀಟಿಂಗ್ ಬಿಟ್ಟ ಮನೆಗಳಲ್ಲಿ ಹೀಗೆ ಆಗಿರೋದು ಒಂದೆರಡು ಸಲ ಅಲ್ಲ.

ನೆಲದೊಳಗಿನ ತಾಮ್ರ: ಉಳಿಸಿಕೊಳ್ಳಬೇಡಿ. ಕಾಂಕ್ರೀಟಿನ ತೇವಕ್ಕೆ ತಾಮ್ರ ಸವೆಯುತ್ತೆ, ಸೋರಿದ್ದು ಚಪ್ಪಡಿ ಕೆಳಗೇ ಇಳಿಯೋದ್ರಿಂದ ಯಾರಿಗೂ ಗೊತ್ತಾಗಲ್ಲ. ಪ್ಲಾಸ್ಟಿಕ್ ಹೊದಿಸಿದ 3/8 ಇಂಚಿನ ತಾಮ್ರವನ್ನ ಗೋಡೆಗುಂಟ, ಕಣ್ಣಿಗೆ ಕಾಣೋ ಹಾಗೆ ಎಳೆಯಿರಿ. ಜೋಡಣೆ ಎಲ್ಲ ಪೈಪಿನ ತುದಿ ಅರಳಿಸಿ ಬಿಗಿಯೋ ಫ್ಲೇರ್ ಫಿಟ್ಟಿಂಗ್. ಉಂಗುರ ಬಿಗಿದು ಹಿಡಿಸೋ ಕಂಪ್ರೆಷನ್ ಫಿಟ್ಟಿಂಗ್ ಎಣ್ಣೆ ಸೋರದಿದ್ರೂ ಗಾಳಿ ಎಳೆಯುತ್ತೆ, ಆಮೇಲೆ ಬರ್ನರ್ ಯಾಕೆ ಆಗಾಗ ಆರುತ್ತೆ ಅಂತ ತಲೆ ಕೆಡಿಸಿಕೊಳ್ಳಬೇಕು. ಟೆಫ್ಲಾನ್ ಟೇಪ್ ಬೇಡ, ಅದರ ಚೂರು ಪಂಪ್ ಜಾಲರಿಗೂ ಎಣ್ಣೆ ಚಿಮ್ಮಿಸೋ ನಾಜಲ್‌ಗೂ ಹೋಗಿ ಕೂರುತ್ತೆ. ಎಣ್ಣೆಗೆ ತಡೆಯೋ ಪೇಸ್ಟ್ ಬಳಸಿ. ಟ್ಯಾಂಕ್ ಹತ್ತಿರ ಒಂದು, ಬರ್ನರ್ ಹತ್ತಿರ ಒಂದು ಫ್ಯೂಸಿಬಲ್ ವಾಲ್ವ್ ಇರಲಿ. ಬೆಂಕಿಯ ಬಿಸಿ ಸುಮಾರು 74 ಡಿಗ್ರಿಗೆ ಏರಿದ್ರೆ ಒಳಗಿನ ಸೀಸದಂಥ ಲೋಹ ಕರಗಿ ತಾನೇ ಮುಚ್ಚಿಕೊಳ್ಳುತ್ತೆ. ಆಯಿಲ್ ಸೇಫ್ಟಿ ವಾಲ್ವ್ ಕೂಡ ಹಾಕಿಸಿ: ಪೈಪ್ ಎಲ್ಲಾದ್ರೂ ತುಂಡಾದ್ರೆ ಟ್ಯಾಂಕ್ ಪೂರ್ತಿ ನೆಲಕ್ಕೆ ಹರಿಯದಂತೆ ತಡೆಯೋದು ಅದೇ.

ಚಳಿಯೂರ

ಭಾಳ ಉಪಕಾರ ಆಯ್ತು. ಜಾಗ ಅದೇ ಇರಲಿ ಅಂತ ತೀರ್ಮಾನ ಮಾಡಿದೆ, ಎರಡು ಗೋಡೆಯದ್ದು. ಆದ್ರೆ ಆ ಮಾದರಿಯಲ್ಲಿ ಎಣ್ಣೆ ತೆಗೆಯೋದು ಮೇಲಿನಿಂದ ಅಂತ ಬರೆದಿದ್ದಾರೆ, ಈಗಿನ ಪಂಪ್ ಅಷ್ಟು ಎಳೆಯುತ್ತಾ? ಹಳೇ ಎಣ್ಣೆಯನ್ನ ಹೊಸದಕ್ಕೆ ಸುರಿಯಬಹುದಾ?

ನಾಜಲ್‌ನಂಜ

ಪಂಪ್ ಎಳೆಯುತ್ತೆ, ಆದ್ರೆ ಎತ್ತರಕ್ಕೆ ಎಳೆದಾಗ ಎಣ್ಣೆಯಲ್ಲಿ ಗಾಳಿ ಗುಳ್ಳೆ ಏಳುತ್ತೆ. ಬರ್ನರ್ ಪಕ್ಕ ಗಾಳಿ ಬಿಡಿಸೋ ಡಬ್ಬಿ, ಡೀಯೇರೇಟರ್, ಹಾಕಿಸಿ. ಟ್ಯಾಂಕಿನಿಂದ ಅದರ ತನಕ ಒಂದೇ ಪೈಪು, ಅದರಿಂದ ಪಂಪಿಗೆ ಹೋಗಿ-ಬರೋಕೆ ಎರಡು. ಹೀಗೆ ಎರಡು ಪೈಪ್ ಮಾಡಿದಾಗ ಪಂಪಿನೊಳಗೆ ಬೈಪಾಸ್ ಪ್ಲಗ್ (ಮಿಕ್ಕ ಎಣ್ಣೆ ಪಂಪಿನೊಳಗೇ ಸುತ್ತದೆ ರಿಟರ್ನ್ ಪೈಪಿಗೆ ಹೋಗೋ ಹಾಗೆ ಮಾಡೋ ತಿರುಪು) ಇರಲೇಬೇಕು. ಒಂಟಿ ಪೈಪಿಗೆ ಅದನ್ನ ತೆಗೆದಿರಬೇಕು. ಪ್ಲಗ್ ಒಳಗಿಟ್ಟು ರಿಟರ್ನ್ ಮುಚ್ಚಿ ಪಂಪ್ ಓಡಿಸಿದ್ರೆ ಎಣ್ಣೆಗೆ ಹೋಗೋಕೆ ದಾರಿ ಇಲ್ಲದೆ ಶಾಫ್ಟ್ ಸೀಲ್ ಹಾರುತ್ತೆ. ಒಂದು ಪುಟ್ಟ ಪ್ಲಗ್‌ಗೋಸ್ಕರ ಹೊಸ ಪಂಪ್ ಕೊಳ್ಳೋ ಪರಿಸ್ಥಿತಿ ಬರುತ್ತೆ.

ಹಳೇ ಎಣ್ಣೆ: ಕೋಲಿನ ತುದಿಗೆ ನೀರು ತೋರಿಸೋ ಪೇಸ್ಟ್ ಸವರಿ ತಳಕ್ಕೆ ಮುಟ್ಟಿಸಿ. ನೀರು ತಾಗಿದಷ್ಟು ಉದ್ದ ಬಣ್ಣ ಬದಲಾಗುತ್ತೆ. ಮೇಲಿನ ಎಣ್ಣೆ ತಿಳಿಯಾಗಿದ್ರೆ ಫಿಲ್ಟರ್ ಮೂಲಕ ಪಂಪ್ ಮಾಡಿ ಹೊಸದಕ್ಕೆ ಹಾಕಬಹುದು, ತಳದ 10–15 ಸೆಂಟಿಮೀಟರ್ ಮುಟ್ಟಬೇಡಿ. ಎಣ್ಣೆ ಕಪ್ಪಾಗಿ ಹುಳಿ ವಾಸನೆ ಬಂದ್ರೆ ಒಂದು ಹನಿಯೂ ಬೇಡ, ಹೆಪ್ಪು ಹಾಕಿದ ಹಾಗೆ ಹೊಸ ಟ್ಯಾಂಕಿಗೂ ಅದೇ ರೋಗ ಹತ್ತುತ್ತೆ. ಉಳಿದ ಕೆಸರು ಡ್ರಮ್ಮಿಗೆ ತುಂಬಿ ಪರವಾನಗಿ ಇರೋರ ಕೈಗೇ ಹೋಗಬೇಕು, ಚರಂಡಿಗಲ್ಲ.

ಪೈಪ್‌ಸಾಲು

ಹಳೇದು ಮೆಟ್ಟಿಲಲ್ಲಿ ಹಿಡಿಯದಿದ್ರೆ ಕತ್ತರಿಸಿ ಒಯ್ಯಬೇಕು. ಗ್ಯಾಸ್ ಕಟರ್, ಗ್ರೈಂಡರ್ ಎರಡೂ ಬೇಡ. ಪೂರ್ತಿ ಖಾಲಿ ಮಾಡಿ, ಬಾಯ್ಲರ್ ಆರಿಸಿ, ಕಿಟಕಿ ತೆರೆದು, ಮೇಲ್ಭಾಗದಲ್ಲಿ ಕಿಂಡಿ ಮಾಡಿ ಕೆಸರು ಬಾಚಿ ಒರೆಸಿದ ಮೇಲೆ ಗರಗಸದ ಮಷೀನಿನಿಂದ ನಿಧಾನಕ್ಕೆ ಕೊಯ್ಯೋದು ರೂಢಿ. ತಿಳಿದವರೇ ಮಾಡಲಿ.

ಹೊಸದನ್ನ ಕೂರಿಸಿದ ಮೇಲೆ ಎಣ್ಣೆ ಹಾಕೋ ಮೊದಲು ಗಾಳಿ ಒತ್ತಿ ಪರೀಕ್ಷೆ ಆಗಲಿ. ಉಕ್ಕಿನದಕ್ಕೆ 3ರಿಂದ 5 ಪಿಎಸ್‌ಐ (ಚದರ ಇಂಚಿಗೆ ಪೌಂಡ್ ಒತ್ತಡ), ಅದಕ್ಕಿಂತ ಹೆಚ್ಚು ಬೇಡ. ಪ್ಲಾಸ್ಟಿಕ್ ಒಳಗೋಡೆಯದಕ್ಕೆ ತಯಾರಕರು ಬರೆದದ್ದೇ ಲೆಕ್ಕ. ಪ್ರತಿ ಜೋಡಣೆಗೂ ಸೋಪಿನ ನೀರು ಹಚ್ಚಿ ನೋಡಿ, ಗೇಜ್ ಕೂರೋ ಜಾಗಕ್ಕೂ. ಬರ್ನರ್ ಪಂಪನ್ನ ಈ ಪರೀಕ್ಷೆಯಿಂದ ಕಳಚಿಡಿ.

ನಾಜಲ್‌ನಂಜ

ಮೊದಲ ದಿನದ್ದು ಇಷ್ಟು: ಹಳೇ ಎಣ್ಣೆ ಹಾಕಿದ್ರೆ ಒಂದೆರಡು ಗಂಟೆ ತಿಳಿಯಾಗೋಕೆ ಬಿಡಿ. ಫಿಲ್ಟರ್, ಪಂಪ್ ಜಾಲರಿ, ನಾಜಲ್ ಮೂರೂ ಹೊಸದು ಹಾಕಿ. ಒಂಟಿ ಪೈಪ್ ಆಗಿದ್ರೆ ಪಂಪಿನ ಬ್ಲೀಡರ್‌ಗೆ (ಗಾಳಿ ಬಿಡಿಸೋ ತಿರುಪು) ಪಾರದರ್ಶಕ ಟ್ಯೂಬ್ ಸಿಕ್ಕಿಸಿ, ಇನ್ನೊಂದು ತುದಿ ಬಾಟಲಿಗೆ ಬಿಟ್ಟು, ಗುಳ್ಳೆ ನಿಂತು ಎಣ್ಣೆ ಒಂದೇ ಧಾರೆಯಾಗಿ ಬರೋ ತನಕ ಬಿಡಿ. ಡೀಯೇರೇಟರ್ ಇದ್ರೆ ಗಾಳಿಯನ್ನ ಅದೇ ಬಿಡಿಸಿಕೊಳ್ಳುತ್ತೆ. ಬರ್ನರ್ ಹತ್ತದೆ ತಾನೇ ಬಂದ್ ಆಗಿ ಲಾಕ್ ಆದ್ರೆ ರೀಸೆಟ್ ಬಟನ್ ಒಂದೇ ಸಲ ಒತ್ತಿ. ಮತ್ತೆ ಮತ್ತೆ ಒತ್ತಿದ್ರೆ ಉರಿಯದ ಎಣ್ಣೆ ಕುಲುಮೆಯಲ್ಲಿ ನಿಂತು, ಕೊನೆಗೆ ಹತ್ತಿಕೊಂಡಾಗ ಒಟ್ಟಿಗೇ ಭುಗಿಲೇಳುತ್ತೆ. ಶುರುವಾದ ಮೇಲೆ ದಹನದ ಅಳತೆ ಮಾಡಿಸಿ, ಒಂದು ವಾರ ಬಿಟ್ಟು ಫಿಲ್ಟರ್ ಬಟ್ಟಲು ಬಿಚ್ಚಿ ನೋಡಿ. ತಳದಲ್ಲಿ ನೀರಿನ ಹನಿ ಕಂಡರೆ ಫಿಲ್ ಮುಚ್ಚಳದ ರಬ್ಬರ್ ವಾಷರ್ ಹೋಗಿ ಮಳೆ ಇಳೀತಿದೆಯಾ ನೋಡಿ.