ಪದಚರ್ಚೆ: ‘ಧೂಮಪಾನ’ದಲ್ಲಿ ಇ-ಸಿಗರೇಟೂ ಸೇರುತ್ತದಾ?

ಗೆಳೆಯರೇ,

ಹಾಸನದ ಒಂದು ಹುಡುಗರ ಹಾಸ್ಟೆಲ್‌ಗೆ ಕನ್ನಡದಲ್ಲಿ ನಿಯಮ ಬರೆದುಕೊಡುವ ಕೆಲಸ ನನ್ನ ಪಾಲಿಗೆ ಬಂದಿದೆ. ಅಲ್ಲಿ ಗೋಡೆ ಮೇಲೆ ‘ಧೂಮಪಾನ ನಿಷೇಧಿಸಲಾಗಿದೆ’ ಅಂತ ಹಳೇ ಬೋರ್ಡ್ ಇದೆ. ವಾರ್ಡನ್ ಒಬ್ಬ ಹುಡುಗನಿಂದ ಇ-ಸಿಗರೇಟ್ ಕಿತ್ತುಕೊಂಡಾಗ ಅವನು ಆ ಬೋರ್ಡನ್ನೇ ತೋರಿಸಿದನಂತೆ. “ಸಾರ್, ಇದರಲ್ಲಿ ಬೆಂಕಿ ಇಲ್ಲ, ಹೊಗೆ ಇಲ್ಲ, ಬರೀ ಆವಿ. ಧೂಮಪಾನ ಹೇಗಾಗುತ್ತೆ?” ಆ ವಸ್ತುವನ್ನು ನಾನೂ ನೋಡಿದೆ. ದಪ್ಪ ಪೆನ್ನಿನಷ್ಟಿದೆ. ತಳದಲ್ಲಿ ಮೊಬೈಲ್ ಚಾರ್ಜರ್ ಸಿಕ್ಕಿಸುವ ತೂತು, ಬಾಯಿಗಿಡುವ ತುದಿಯಲ್ಲಿ ಮಾವಿನಹಣ್ಣಿನ ವಾಸನೆ.

ಹುಡುಗನ ಮಾತನ್ನು ತಲೆಹರಟೆ ಅಂತ ತಳ್ಳಿಹಾಕುವ ಹಾಗಿಲ್ಲ. ಸಾರ್ವಜನಿಕ ಜಾಗದಲ್ಲಿ ಸೇದುವುದನ್ನು ತಡೆಯುವುದು 2003ರ ಕೋಟ್ಪಾ, ಅಂದರೆ ಸಿಗರೇಟು ಮತ್ತು ಇತರ ತಂಬಾಕು ಉತ್ಪನ್ನಗಳ ಕಾಯ್ದೆ. ಅದರಲ್ಲಿ ಧೂಮಪಾನ ಅಂದರೆ ಯಾವುದೇ ರೂಪದ ತಂಬಾಕನ್ನು ಸೇದುವುದು. ಸಿಗರೇಟು, ಬೀಡಿ, ಚುಟ್ಟ, ಕೊಳವೆ, ಬೇರೆ ಸಾಧನ, ಹೇಗೆ ಸೇದಿದರೂ ಸರಿ, ತಂಬಾಕು ಇರಬೇಕು. ಇ-ಸಿಗರೇಟಿನಲ್ಲಿ ಇರುವುದು ದ್ರವ. ಅದರಲ್ಲಿ ನಿಕೋಟಿನ್ ಇರಬಹುದು, ಇಲ್ಲದೆಯೂ ಇರಬಹುದು. ಎಲೆಯಂತೂ ಇಲ್ಲ. ತಂಬಾಕನ್ನೇ ಸುಡದೆ ಬಿಸಿ ಮಾಡುವ ಸಾಧನಗಳೂ ಇವೆ, ಅವುಗಳ ಬಗ್ಗೆ ಮಾತ್ರ ವಾದಕ್ಕೆ ಜಾಗ ಇದೆ.

ಇ-ಸಿಗರೇಟಿಗೆ ಅಂತಲೇ 2019ರಲ್ಲಿ ಬೇರೆ ಕಾಯ್ದೆ ಬಂತು. ಅದರ ವ್ಯಾಖ್ಯೆ ತುಂಬಾ ಅಗಲ: ‘ಯಾವ ಹೆಸರಿನಿಂದ ಕರೆದರೂ’, ಯಾವ ಆಕಾರದಲ್ಲಿದ್ದರೂ, ನಿಕೋಟಿನ್ ಇದ್ದರೂ ಇಲ್ಲದಿದ್ದರೂ. ತಯಾರಿಕೆ, ಆಮದು, ಸಾಗಣೆ, ಮಾರಾಟ, ಜಾಹೀರಾತು ಎಲ್ಲ ನಿಷೇಧ. ಮೊದಲ ಸಲಕ್ಕೆ 1 ವರ್ಷದವರೆಗೆ ಜೈಲು ಅಥವಾ 1 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ದಾಸ್ತಾನಿಗೆ ಗೊತ್ತಿದ್ದೂ ಜಾಗ ಕೊಟ್ಟರೆ ಕಟ್ಟಡದವರಿಗೂ ಶಿಕ್ಷೆ ಇದೆ. ಹಾಸ್ಟೆಲ್‌ನವರು ಇದನ್ನು ಮರೆಯಬಾರದು. ಆದರೆ ಇಷ್ಟುದ್ದದ ಪಟ್ಟಿಯಲ್ಲಿ ‘ಸೇದುವುದು’ ಇಲ್ಲ! ಮಾರಿದವನು ಸಿಕ್ಕಿಬೀಳುತ್ತಾನೆ, ಸೇದಿದವನ ಬಗ್ಗೆ ಕಾಯ್ದೆ ಸುಮ್ಮನಿದೆ. ಹಾಗಾಗಿ ಹಾಸ್ಟೆಲ್ ತನ್ನ ನಿಯಮದಲ್ಲೇ ಬಿಡಿಸಿ ಹೇಳಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಹುಡುಗರ ಆರೋಗ್ಯದ ವಿಷಯ ಇದು, ಒಂದು ಪದದ ಸಂದಿಯಲ್ಲಿ ನುಸುಳಿಹೋಗಬಾರದು.

ಈಗ ಪದದ ವಿಷಯ. ‘ಧೂಮ’ ಅಂದರೆ ಹೊಗೆ, ಉರಿದರೇ ಹೊಗೆ. ಆಯುರ್ವೇದದ ಧೂಮಪಾನದಲ್ಲಿ ತಂಬಾಕಿಲ್ಲ, ಗಿಡಮೂಲಿಕೆ ಇದೆ, ಆದರೆ ಉರಿ ಇದ್ದೇ ಇದೆ. ನಮ್ಮ ಅರಕಲಗೂಡು, ರಾಮನಾಥಪುರದ ಕಡೆ ತಂಬಾಕಿಗೆ ಹೊಗೆಸೊಪ್ಪು ಅನ್ನುತ್ತಾರೆ. ಎಲೆ ಅಡಿಕೆ ಜೊತೆ ಅಗಿದರೂ ಅದು ಹೊಗೆಸೊಪ್ಪೇ. ಹುಡುಗ ಹೇಳಿದ ‘ಆವಿ’ ನನಗೆ ಒಪ್ಪಿಗೆಯಿಲ್ಲ. ಆವಿ ಅಂದ ತಕ್ಷಣ ನೆಗಡಿಗೆ ಹಿಡಿಯುವ ಹಬೆ ನೆನಪಾಗುತ್ತದೆ, ಏನೂ ತೊಂದರೆಯಿಲ್ಲ ಅನಿಸುತ್ತದೆ. ಇಲ್ಲಿ ಬರುವುದು ಗ್ಲಿಸರಿನ್, ರುಚಿಯ ರಾಸಾಯನಿಕ, ಎಷ್ಟೋ ಸಲ ನಿಕೋಟಿನ್ ಸೇರಿದ ಸಣ್ಣ ಹನಿಗಳು.

‘ಸೇದು’ ಸರಿಹೊಂದುತ್ತದೆ ಅನ್ನಿಸುತ್ತದೆ. ಬಾವಿಯಿಂದ ನೀರು ಸೇದುತ್ತೇವಲ್ವಾ, ಅದಕ್ಕೆ ಹೊಗೆಯ ಹಂಗಿಲ್ಲ. ನಾನು ಬರೆದಿರುವುದು ಹೀಗೆ:

“ಹಾಸ್ಟೆಲ್ ಆವರಣದಲ್ಲಿ ಬೀಡಿ, ಸಿಗರೇಟು, ಹುಕ್ಕಾ ಸೇದಬಾರದು. ಇ-ಸಿಗರೇಟು, ವೇಪ್, ಬೇರೆ ಯಾವ ಹೆಸರಿನ ಇಂಥ ಸಾಧನವನ್ನೂ ಸೇದಬಾರದು, ಇಟ್ಟುಕೊಳ್ಳಬಾರದು. ನಿಕೋಟಿನ್ ಇಲ್ಲದಿದ್ದರೂ ಈ ನಿಯಮ ಅನ್ವಯಿಸುತ್ತದೆ.”

ಸಕಲೇಶಪುರ, ಚಿಕ್ಕಮಗಳೂರು ಕಡೆಯ ಹುಡುಗರು ಇದಕ್ಕೆ ‘ಸೇದು’ ಅನ್ನುತ್ತಾರಾ, ‘ಎಳಿ’ ಅನ್ನುತ್ತಾರಾ, ‘ಹೊಡಿ’ ಅನ್ನುತ್ತಾರಾ? ಕಾನೂನು ಬಲ್ಲವರು ಮೂರನೇ ವಾಕ್ಯವನ್ನು ಒಮ್ಮೆ ನೋಡಿ, ಸಂದಿ ಉಳಿದಿದ್ದರೆ ತಿಳಿಸಿ.