ಬಾಣಂತಿ ತಂಗಿಯ ಕಾಲಲ್ಲಿ ರಕ್ತ ಹೆಪ್ಪುಗಟ್ಟಿದೆ, ಕಾಲು ಬೆಳ್ಳಗಾಗಿದೆ: ಇದು ರಕ್ತನಾಳದ ಸೆಳೆತವಾ? ಅನುಭವ ಇದ್ದವರು ಹೇಳಿ

ಪ್ರಶ್ನೆ (ಆಳಂದ ತಾಲೂಕು)

ನಮಸ್ಕಾರ. ತಂಗಿಗೆ ಸಿಸೇರಿಯನ್ ಆಗಿ 15 ದಿನ ಆಯ್ತು. ಎಡಗಾಲು ತೊಡೆಯವರೆಗೆ ಬಾತುಕೊಂಡಿದೆ. ಬಣ್ಣ ಬೆಳ್ಳಗಾಗಿದೆ, ಮುಟ್ಟಿದರೆ ಬಿಗಿಯಾಗಿದೆ. ಊರಲ್ಲಿ ಮೊದಲು ನೋಡಿದವರು "ರಕ್ತನಾಳಕ್ಕೆ ಸೆಳೆತ ಬಂದಿದೆ" ಅಂದರು. ಕಲಬುರಗಿಯಲ್ಲಿ ಡಾಪ್ಲರ್ (ರಕ್ತದ ಹರಿವು ನೋಡುವ ಸ್ಕ್ಯಾನ್) ಮಾಡಿಸಿದಾಗ ಡಿವಿಟಿ, ಅಂದರೆ ಕಾಲಿನ ಒಳಗಿನ ರಕ್ತನಾಳದಲ್ಲಿ ಹೆಪ್ಪು ಅಂತ ಬಂತು, ಹೊಟ್ಟೆಗೆ ಇಂಜೆಕ್ಷನ್ ಶುರು ಮಾಡಿದ್ದಾರೆ. ಹೆಪ್ಪು ಮತ್ತು ಸೆಳೆತ ಎರಡೂ ಇವೆಯಾ? ಸೆಳೆತ ಬಿಡಿಸೋಕೆ ಬೇರೆ ಮಾತ್ರೆ ಕೇಳಬೇಕಾ? ಅವ್ವ ಬೇರೆ ಎಣ್ಣೆ ಹಚ್ಚಿ ತಿಕ್ಕಿ ಕಾವು ಕೊಡೋಣ ಅಂತ ಹಟ ಹಿಡಿದಿದ್ದಾರೆ.

ಉತ್ತರ (ಕಲಬುರಗಿ, ಸರ್ಜರಿ ವಾರ್ಡಿನ ಸ್ಟಾಫ್ ನರ್ಸ್)

ಅಣ್ಣಾ, ಮೊದಲು ಅವ್ವನ ವಿಷಯ. ದಯವಿಟ್ಟು ಕಾಲು ತಿಕ್ಕಲು ಬಿಡಬೇಡಿ. ಹೊಸ ಹೆಪ್ಪು ನಾಳದ ಗೋಡೆಗೆ ಇನ್ನೂ ಗಟ್ಟಿಯಾಗಿ ಅಂಟಿರುವುದಿಲ್ಲ. ತಿಕ್ಕಿದರೆ ತುಂಡಾಗಿ ನೇರ ಶ್ವಾಸಕೋಶಕ್ಕೆ ಹೋಗಬಹುದು, ಅದು ಜೀವಕ್ಕೇ ಅಪಾಯ. ಕೆಂಡದ ಕಾವೂ ಬೇಡ. ಬಾತ ಕಾಲಿಗೆ ಬಿಸಿ ಸರಿಯಾಗಿ ಗೊತ್ತಾಗುವುದಿಲ್ಲ, ಸುಟ್ಟು ಗಾಯ ಆಗುತ್ತದೆ. "ಕಾಲು ಭಾಳ ಬಾತದ ಸಿಸ್ಟರ್, ತಿಕ್ಕಿದ್ರ ಇಳೀತದೇನು?" ಅಂತ ವಾರ್ಡಿನಲ್ಲಿ ದಿನಾ ಕೇಳುತ್ತಾರೆ. ಇಳಿಯುವುದಿಲ್ಲ.

ಈಗ ನಿಮ್ಮ ಪ್ರಶ್ನೆ. ಕಾಲಿಗೆ ರಕ್ತ ತರುವ ನಾಳ ಅಪಧಮನಿ, ವಾಪಸ್ ಒಯ್ಯುವುದು ಅಭಿಧಮನಿ. ತಂಗಿಗೆ ಹೆಪ್ಪು ಆಗಿರುವುದು ವಾಪಸ್ ಹೋಗುವ ದಾರಿಯಲ್ಲಿ. ಸೆಳೆತ ಅಂದರೆ ತರುವ ನಾಳದ ಗೋಡೆಯ ಸ್ನಾಯು ಬಿಗಿದು ದಾರಿ ಕಿರಿದಾಗುವುದು. ನಾಳ ಬೇರೆ, ತೊಂದರೆ ಬೇರೆ. ಆದರೂ ಎರಡನ್ನೂ ಒಟ್ಟಿಗೆ ಹೇಳುವುದು ಸುಮ್ನೆ ಬಂದ ಮಾತಲ್ಲ, ಅದಕ್ಕೊಂದು ಹಿನ್ನೆಲೆ ಇದೆ.

ತೊಡೆಯಲ್ಲಿ ಈ ಎರಡೂ ನಾಳ ಒಂದೇ ಹೊದಿಕೆಯೊಳಗೆ ಅಕ್ಕಪಕ್ಕ ಇರುತ್ತವೆ. ಒಂದರಲ್ಲಿ ಹೆಪ್ಪುಗಟ್ಟಿ ಉರಿಯೂತ ಆದರೆ, ನಾಳಗಳನ್ನು ಬಿಗಿಸುವ ಸಿಂಪಥೆಟಿಕ್ ನರಗಳು ಕೆರಳಿ ಪಕ್ಕದ ಅಪಧಮನಿ ಬಿಗಿಯುತ್ತದೆ, ಅದಕ್ಕೇ ಕಾಲು ಬೆಳ್ಳಗಾಗಿ ನೋಯುತ್ತದೆ ಅಂತ 1930ರ ದಶಕದಲ್ಲಿ ದೊಡ್ಡ ದೊಡ್ಡ ಸರ್ಜನ್‌ಗಳೇ ನಂಬಿದ್ದರು. ಫ್ರಾನ್ಸಿನ ಲೆರಿಶ್, ಆಮೇಲೆ ಅಮೆರಿಕದ ನ್ಯೂ ಆರ್ಲಿಯನ್ಸ್‌ನ ಆಕ್ಸ್‌ನರ್ ಮತ್ತು ಡಿಬೇಕಿ ಸೊಂಟದ ಹತ್ತಿರದ ಆ ನರಗಳಿಗೆ ಪ್ರೊಕೇನ್ ಇಂಜೆಕ್ಷನ್ ಕೊಟ್ಟು ಮರಗಟ್ಟಿಸುತ್ತಿದ್ದರು. ಎಷ್ಟೋ ಜನರಿಗೆ ನೋವು ಇಳಿಯುತ್ತಿತ್ತು, ಕಾಲು ಬೆಚ್ಚಗಾಗುತ್ತಿತ್ತು. ಹೆಪ್ಪು ಬೆಳೆಯದಂತೆ ತಡೆಯುವ ಹೆಪಾರಿನ್ ಇನ್ನೂ ಎಲ್ಲರ ಕೈಗೆ ಸಿಗದ ಕಾಲ ಅದು.

ಮುಂದೆ ತಿಳಿವಳಿಕೆ ಬದಲಾಯಿತು. ಹೊಲಕ್ಕೆ ನೀರು ಬರುತ್ತಲೇ ಇದ್ದು ಕೋಡಿ ಮುಚ್ಚಿಬಿಟ್ಟರೆ ಏನಾಗುತ್ತದೆ ಯೋಚಿಸಿ. ಹಾಗೇ ರಕ್ತ ಕಾಲಿಗೆ ಬರುತ್ತದೆ, ವಾಪಸ್ ಹೋಗಲಾರದು. ನಾಳದಿಂದ ನೀರಂಶ ಸೋರಿ ಮಾಂಸದಲ್ಲಿ ತುಂಬಿಕೊಳ್ಳುತ್ತದೆ. ಆ ಬಾವಿನಿಂದಲೇ ಚರ್ಮ ಬಿಳುಪಾಗಿ ಬಿಗಿಯುತ್ತದೆ. ಪಕ್ಕದ ಸಣ್ಣ ದಾರಿಗಳೂ ಮುಚ್ಚಿದರೆ ಒಳಗಿನ ಒತ್ತಡ ಎಷ್ಟು ಏರುತ್ತದೆ ಅಂದರೆ ಸಣ್ಣ ಅಪಧಮನಿಗಳು ಹೊರಗಿನಿಂದಲೇ ಅದುಮಿಹೋಗುತ್ತವೆ. ಆಗ ಕಾಲು ನೀಲಿಗೆ ತಿರುಗುತ್ತದೆ. ಈ ನೀಲಿ ಕಾಲನ್ನು ಬೇರೆಯೇ ಹಂತ ಅಂತ ಗುರುತಿಸಿ 1938ರಲ್ಲಿ ವಿವರಿಸಿದವರು ಫ್ರಾನ್ಸಿನ ಗ್ರೆಗ್ವಾರ್.

ಸೆಳೆತ ಪೂರ್ತಿ ಸುಳ್ಳು ಅಂತಲೂ ಅಲ್ಲ. ಅಭಿಧಮನಿ ತುಂಬಿ ಉಬ್ಬಿದರೆ ಸಣ್ಣ ಅಪಧಮನಿಗಳು ತಾವಾಗಿಯೇ ಸ್ವಲ್ಪ ಬಿಗಿಯುತ್ತವೆ. ಕಾಲು ಇಳಿಬಿಟ್ಟು ಕೂತರೆ ನಮ್ಮೆಲ್ಲರಿಗೂ ಆಗುವುದೇ. ಆದರೆ ಇಲ್ಲಿ ಅದು ಹೆಪ್ಪಿನ ಹಿಂದೆ ಬಂದದ್ದು. ಮೂಲ ಹೆಪ್ಪು. ಸೆಳೆತ ಬಿಡಿಸುವ ಮಾತ್ರೆಯಿಂದ ಮುಚ್ಚಿದ ದಾರಿ ತೆರೆಯುವುದಿಲ್ಲ. ಹಾಗಾಗಿ ಬೇರೆ ಮಾತ್ರೆ ಕೇಳಬೇಡಿ, ಹೊಟ್ಟೆಗೆ ಕೊಡುವ ಹೆಪಾರಿನ್ ಇಂಜೆಕ್ಷನ್ ಒಂದು ಡೋಸ್ ಕೂಡ ತಪ್ಪದ ಹಾಗೆ ನೋಡಿಕೊಳ್ಳಿ.

ಒಂದು ಮಾತು ಮಾತ್ರ ಡಾಕ್ಟರಿಗೆ ಹೇಳಿ. ಹೆರಿಗೆ ಆದ ಮೇಲೆ ರಕ್ತಸ್ರಾವ ನಿಲ್ಲಿಸಲು ಮೆಥೈಲ್ ಎರ್ಗೊಮೆಟ್ರಿನ್ ಕೊಟ್ಟಿದ್ದರೆ, ಅಥವಾ ತಂಗಿ ಮೈಗ್ರೇನ್‌ಗೆ ಎರ್ಗೊಟಮಿನ್ ಇರುವ ಮಾತ್ರೆ ತಗೊಳ್ಳುತ್ತಿದ್ದರೆ ಆ ಚೀಟಿ ತೋರಿಸಿ. ಇವು ಅಪಧಮನಿಗೆ ನಿಜವಾದ ಸೆಳೆತವನ್ನೇ ತರಬಲ್ಲ ಔಷಧಗಳು.

ನಾವು ವಾರ್ಡಿನಲ್ಲಿ ಪಾದದ ನಾಡಿ ನೋಡುತ್ತೇವೆ. ಪಾದದ ಮೇಲ್ಭಾಗದಲ್ಲಿ ಒಂದು, ಒಳಗಿನ ಹಿಮ್ಮಡಿ ಗಂಟಿನ ಹಿಂದೆ ಇನ್ನೊಂದು. ಬಾತ ಕಾಲಲ್ಲಿ ಬೆರಳಿಗೆ ಸಿಗುವುದು ಕಷ್ಟ. ಆಗ ಪುಟ್ಟ ಡಾಪ್ಲರ್ ಪೆನ್ಸಿಲ್ ಇಟ್ಟು ಸದ್ದು ಕೇಳುತ್ತೇವೆ, ಸಿಕ್ಕ ಜಾಗಕ್ಕೆ ಬಾಲ್ ಪೆನ್ನಿನಿಂದ ಗುಣಾಕಾರದ ಗುರುತು ಹಾಕುತ್ತೇವೆ. ಮುಂದಿನ ಶಿಫ್ಟಿನವರು ಅಲ್ಲೇ ಹುಡುಕುತ್ತಾರೆ. ತಂಗಿಯ ಪಾದದ ನಾಡಿ ಸಿಗುತ್ತಿದೆಯಾ ಅಂತ ರೌಂಡ್ಸಿನಲ್ಲಿ ಕೇಳಿ. ಅದನ್ನು ತಿಳಿಯದೆ ಬಿಗಿ ಸಾಕ್ಸ್ ಕೂಡ ಹಾಕಬೇಡಿ.

ಕಾಲು ನೀಲಿ ಅಥವಾ ನೇರಳೆ ಆದರೆ, ನೋವು ತಡೆಯಲಾಗದಷ್ಟು ಆದರೆ, ಬೊಬ್ಬೆ ಎದ್ದರೆ, ಬೆರಳು ಜೋಮು ಹಿಡಿದು ಆಡದಿದ್ದರೆ ಬೆಳಗಾಗಲಿ ಅಂತ ಕಾಯಬೇಡಿ. ಆಗ ಹೆಪ್ಪು ಕರಗಿಸುವ ಔಷಧವನ್ನು ಕೊಳವೆ ಮೂಲಕ ಅಲ್ಲಿಗೇ ಬಿಡುವುದೋ, ಹೆಪ್ಪು ತೆಗೆಯುವುದೋ, ಒತ್ತಡ ಇಳಿಸಲು ಸೀಳುವುದೋ ಬೇಕಾಗಬಹುದು. ಉಸಿರು ಕಟ್ಟಿದರೆ, ಎದೆ ನೋವು ಬಂದರೆ, ಕೆಮ್ಮಿದಾಗ ರಕ್ತ ಕಂಡರೆ ತಕ್ಷಣ 108.

ನೀರು ಚೆನ್ನಾಗಿ ಕೊಡಿ. ಬಾಣಂತಿಗೆ ನೀರು ಕಡಿಮೆ ಕೊಟ್ಟು ಹಾಸಿಗೆಯಲ್ಲೇ ಇರಿಸುವ ಪದ್ಧತಿ ನಮ್ಮ ಕಡೆ ಇನ್ನೂ ಇದೆ. ಹೆರಿಗೆಯ ನಂತರದ 6 ವಾರ ಹೆಪ್ಪುಗಟ್ಟುವ ಭಯ ಹೇಗೂ ಜಾಸ್ತಿ, ಸಿಸೇರಿಯನ್ ಆಗಿದ್ದರೆ ಇನ್ನೂ ಜಾಸ್ತಿ. ಅದರ ಮೇಲೆ ಮೈಯಲ್ಲಿ ನೀರೂ ಇಲ್ಲ, ಓಡಾಟವೂ ಇಲ್ಲ ಅಂದರೆ ಹೇಗೆ?

ಉತ್ತರ (ಶಹಾಪುರ, ಯಾದಗಿರಿ ಜಿಲ್ಲೆ)

ನಮ್ಮ ದೊಡ್ಡಪ್ಪನ ಕಾಲು ಬಾತಾಗ ಊರವರೆಲ್ಲ ಆನೆಕಾಲು ಅಂತಲೇ ತೀರ್ಮಾನ ಮಾಡಿದ್ದರು. ಕಲಬುರಗಿ, ಬೀದರ್, ಯಾದಗಿರಿ ಕಡೆ ಫೈಲೇರಿಯಾ ಇರುವುದು ನಿಜ, ಮನೆಮನೆಗೆ ಮಾತ್ರೆ ಕೊಡಲು ಬರುತ್ತಾರಲ್ಲ. ಆದರೆ ಆನೆಕಾಲು ವರ್ಷಗಟ್ಟಲೆ ನಿಧಾನವಾಗಿ ಬೆಳೆಯುತ್ತದೆ. ಒಂದೆರಡು ದಿನದಲ್ಲಿ ಒಂದೇ ಕಾಲು ಬಾತರೆ ಮೊದಲು ಡಾಪ್ಲರ್ ಮಾಡಿಸಬೇಕು. ದೊಡ್ಡಪ್ಪಗೆ ಡಿವಿಟಿಯೇ ಇತ್ತು.

ಉತ್ತರ (ಚಿತ್ತಾಪುರ)

ನನ್ನ ಅನುಭವ ಇನ್ನೊಂದು ಥರ. ನಮ್ಮ ಕಾಕಾ ಹರೆಯದಿಂದ ಬೀಡಿ ಸೇದುತ್ತಿದ್ದರು. ಮೊದಲು ಮೀನಖಂಡದ ಚರ್ಮದ ಕೆಳಗೆ ಹಗ್ಗದಂತೆ ಕೆಂಪಗೆ ನೋಯುವ ಗೆರೆ. ಅದು ಹೋಗಿ ಇನ್ನೊಂದು ಕಡೆ ಏಳುತ್ತಿತ್ತು. ಆಮೇಲೆ ಪಾದ ತಣ್ಣಗಾಗಿ, ನಡೆದರೆ ನೋವು, ಕೊನೆಗೆ ಹೆಬ್ಬೆರಳು ಕಪ್ಪಾಯಿತು. ಬರ್ಗರ್ ರೋಗ ಅಂದರು. ಇದರಲ್ಲಿ ಅಪಧಮನಿ, ಅಭಿಧಮನಿ ಎರಡರಲ್ಲೂ ಉರಿಯೂತ ಆಗಿ ಹೆಪ್ಪುಗಟ್ಟುತ್ತದೆ, ನಾಳ ಸೆಳೆತವೂ ಇರುತ್ತದೆ. ಕಾಕಾಗೆ ಕಾಲು ಬಾತೇ ಇರಲಿಲ್ಲ, ತೆಳ್ಳಗೆ, ಬೆಳ್ಳಗೆ, ತಣ್ಣಗೆ. ನಿಮ್ಮ ತಂಗಿಯ ಲಕ್ಷಣಕ್ಕೆ ಪೂರಾ ಉಲ್ಟಾ. ಇದನ್ನು ಓದುವ ಬೇರೆಯವರ ಮನೆಯಲ್ಲಿ ಬೀಡಿ ಸೇದುವ ಹರೆಯದವರಿಗೆ ಹೀಗೆ ಆಗುತ್ತಿದ್ದರೆ ಬೀಡಿ ಪೂರ್ತಿ ಬಿಡಿಸಿ. ಕಡಿಮೆ ಮಾಡಿದರೆ ಸಾಲದು, ಅದೊಂದೇ ರೋಗವನ್ನು ನಿಲ್ಲಿಸುವುದು.

ಉತ್ತರ (ಬೀದರ್)

ನನಗೂ ಮೊದಲ ಹೆರಿಗೆಯ ನಂತರ ಎಡಗಾಲಿಗೇ ಆಗಿತ್ತು. ಎಡಗಾಲಿಗೇ ಜಾಸ್ತಿ ಯಾಕೆ ಅಂತ ಕೇಳಿದಾಗ ಡಾಕ್ಟರ್ ಚಿತ್ರ ಬರೆದು ತೋರಿಸಿದರು. ಹೊಟ್ಟೆಯ ಕೆಳಗೆ ಎಡಗಾಲಿನ ಅಭಿಧಮನಿಯ ಮೇಲೆ ಬಲಗಾಲಿನ ಅಪಧಮನಿ ಹಾದು ಹೋಗಿ ಅದನ್ನು ಅದುಮುತ್ತದಂತೆ. ಇಂಜೆಕ್ಷನ್ ಜೊತೆ ವಾರ್ಫರಿನ್ (ಹೆಪ್ಪು ತಡೆಯುವ ಮಾತ್ರೆ) ಶುರು ಮಾಡಿ, ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕು ಅಂತ ನೋಡುವ ಪರೀಕ್ಷೆ) 2ರಿಂದ 3ರ ಒಳಗೆ ಬಂದ ಮೇಲೆ ಇಂಜೆಕ್ಷನ್ ನಿಲ್ಲಿಸಿದರು. ಪುಂಡಿ ಪಲ್ಯ, ಮೆಂತ್ಯ ಬಿಡಬೇಕಿಲ್ಲ, ಆದರೆ ಒಂದು ವಾರ ರಾಶಿ ತಿಂದು ಇನ್ನೊಂದು ವಾರ ಬಿಟ್ಟರೆ ಐಎನ್‌ಆರ್ ಏರಿಳಿಯುತ್ತದೆ. ದಿನಾ ಒಂದೇ ಅಳತೆ ಇರಲಿ. ಮೈಕೈ ನೋವಿಗೆ ಅಂಗಡಿಯಿಂದ ಡೈಕ್ಲೋಫೆನಾಕ್, ಐಬುಪ್ರೊಫೆನ್ ತಂದು ನುಂಗಬೇಡಿ, ರಕ್ತಸ್ರಾವ ಆಗಬಹುದು. ಹೆಪಾರಿನ್ ಮೇಲೂ ವಾರ್ಫರಿನ್ ಮೇಲೂ ನಾನು ಮಗುವಿಗೆ ಹಾಲು ಕುಡಿಸಿದೆ. ಹಾಲೂಡಿಸುತ್ತೀರಿ ಅಂತ ಮೊದಲೇ ಹೇಳಿ. ಕೆಲವು ಹೊಸ ಮಾತ್ರೆಗಳನ್ನು ಹಾಲೂಡಿಸುವವರಿಗೆ ಕೊಡುವುದಿಲ್ಲ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದ. ಅವ್ವಗೆ ಇದನ್ನೆಲ್ಲ ಓದಿ ಹೇಳಿದೆ, ಎಣ್ಣೆ ಬಾಟಲಿ ಒಳಗಿಟ್ಟರು. ನಾಡಿ ಸಿಗುತ್ತಿದೆ ಅಂದರು ಡಾಕ್ಟರ್. ಮನೆಯವರು ಕೆಲವರು ಸೋಲಾಪುರಕ್ಕೆ, ಕೆಲವರು ಹೈದರಾಬಾದಿಗೆ ಕರ್ಕೊಂಡು ಹೋಗೋಣ ಅಂತಿದ್ದಾರೆ. ಹೋಗಬೇಕಾ?

ಉತ್ತರ (ಸ್ಟಾಫ್ ನರ್ಸ್)

ನಾಡಿ ಸಿಗುತ್ತಿದ್ದು, ಬಾವು ಇಳಿಯುತ್ತಿದ್ದರೆ ಎಲ್ಲೂ ಓಡಬೇಡಿ ಅಣ್ಣಾ. ಅದೇ ಇಂಜೆಕ್ಷನ್ ಅಲ್ಲೂ ಕೊಡುತ್ತಾರೆ. ಮಲಗಿದಾಗ ಕಾಲ ಕೆಳಗೆ ದಿಂಬು ಇಟ್ಟು ಎತ್ತರ ಮಾಡಿ. ಡಾಕ್ಟರ್ ಹೇಳಿದ ದಿನದಿಂದ ನಡೆಸಿ, ಹೆದರಿ ಮಲಗಿಸಬೇಡಿ. ಬಣ್ಣ ತಿರುಗಿತು ಅಥವಾ ಕಾಲಿನಲ್ಲಿ ನಾನು ಮೊದಲು ಹೇಳಿದ ಬೇರೆ ಲಕ್ಷಣ ಕಂಡಿತು ಅಂದರೆ ಮಾತ್ರ ವ್ಯಾಸ್ಕುಲರ್ (ರಕ್ತನಾಳದ) ಸರ್ಜನ್ ಬೇಕು. ಆಗ ಯಾವ ಆಸ್ಪತ್ರೆಯಲ್ಲಿ ಅವರು ಈಗಲೇ ಇದ್ದಾರೆ ಅಂತ ಇಲ್ಲಿನ ಡಾಕ್ಟರಿಂದಲೇ ಫೋನ್ ಮಾಡಿಸಿ, ಹೆಪಾರಿನ್ ಡೋಸ್ ಕೊಡಿಸಿಕೊಂಡೇ ಹೊರಡಿ. ಡಾಪ್ಲರ್ ರಿಪೋರ್ಟ್ ಮತ್ತು ಕೊನೆಯ ಇಂಜೆಕ್ಷನ್ ಕೊಟ್ಟ ಹೊತ್ತು ಬರೆದ ಚೀಟಿ ನಿಮ್ಮ ಜೇಬಿನಲ್ಲಿರಲಿ.